ಕುಗ್ಗಿಸುವ ವಿದ್ಯೆಗೊಬ್ಬ ಒಡೆಯ

1994ರ ಡಿಸೆಂಬರ್ ಕೊನೆಯ ವಾರ, ಕ್ರಿಸ್‌ಮಸ್ ರಜೆಯ ನಡುವೆ, ಅಮೆರಿಕದ ಕಂಪ್ಯುಸರ್ವ್ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ಏಳು ವರ್ಷಗಳಿಂದ ಜನ ಪುಕ್ಕಟೆಯೆಂದೇ ನಂಬಿ ಬಳಸುತ್ತಿದ್ದ ಜಿಐಎಫ್ ಎಂಬ ಚಿತ್ರಸ್ವರೂಪವನ್ನು ಅಳವಡಿಸಿಕೊಂಡ ತಂತ್ರಾಂಶಗಳ ತಯಾರಕರು ಇನ್ನು ಮುಂದೆ ಪರವಾನಗಿ ಪಡೆದು ಶುಲ್ಕ ತೆರಬೇಕು ಎಂಬುದು ಅದರ ಸಾರ. ಹಕ್ಕುದಾರ ಮಾತ್ರ ಕಂಪ್ಯುಸರ್ವ್ ಅಲ್ಲ. ಯೂನಿಸಿಸ್ ಎಂಬ ಬೇರೊಂದು ಕಂಪನಿ.

ಜಿಐಎಫ್ ಹುಟ್ಟಿದ್ದು 1987ರಲ್ಲಿ, ಕಂಪ್ಯುಸರ್ವ್‌ನ ಸ್ಟೀವ್ ವಿಲ್ಹೈಟ್ ಅವರ ನೇತೃತ್ವದಲ್ಲಿ. ದೂರವಾಣಿ ತಂತಿಯ ಮೇಲೆ ತೆವಳುತ್ತ ಬರುವ ಬಣ್ಣದ ಚಿತ್ರವನ್ನು ಆದಷ್ಟು ಚಿಕ್ಕದಾಗಿಸುವುದು ಅಂದಿನ ಅಗತ್ಯವಾಗಿತ್ತು. (ಅದನ್ನು 'ಜಿಫ್' ಎಂದೇ ಉಚ್ಚರಿಸಬೇಕೆಂಬುದು ವಿಲ್ಹೈಟ್ ಅವರ ಹಟ. 'ಗಿಫ್' ಎನ್ನುವವರೂ ಬಹಳ. ಇಂಗ್ಲಿಷ್ ಲಿಪಿ ಈ ಜಗಳವನ್ನು ಬಚ್ಚಿಡಬಲ್ಲದು. ಕನ್ನಡ ಲಿಪಿಯಲ್ಲಿ ಬರೆಯುವ ನಾವು ಜಿಐಎಫ್ ಎಂದು ಬಿಡಿಸಿ ಬರೆದು ಪಾರಾಗುತ್ತೇವೆ.)

ಆ ಸ್ವರೂಪದ ಜೀವಾಳವೆಂದರೆ ಎಲ್‌ಜೆಡ್‌ಡಬ್ಲ್ಯು ಎಂಬ ಸಂಕೋಚನ ವಿಧಾನ. ಇಸ್ರೇಲಿನ ವಿದ್ವಾಂಸರಾದ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ 1977 ಮತ್ತು 1978ರಲ್ಲಿ ಪ್ರಕಟಿಸಿದ ಪ್ರಬಂಧಗಳು ಇದಕ್ಕೆ ತಳಹದಿ. 1984ರಲ್ಲಿ ಟೆರಿ ವೆಲ್ಚ್ ಅದನ್ನು ತಿದ್ದಿ ವೇಗಗೊಳಿಸಿದರು. ಸರ್ಕಾರಿ ಪತ್ರ ಬರೆಯುವ ನಮ್ಮಂಥವರಿಗೆ ಇದರ ತತ್ತ್ವ ಹೊಸದಲ್ಲ. ಕಚೇರಿಯ ಉದ್ದನೆಯ ಹೆಸರನ್ನು ಒಮ್ಮೆ ಪೂರ್ತಿ ಬರೆದು, ಮುಂದೆಲ್ಲ 'ಸದರಿ ಕಚೇರಿ' ಎನ್ನುತ್ತೇವಲ್ಲವೇ? ಈ ವಿಧಾನವೂ ಚಿತ್ರದಲ್ಲಿ ಮರುಕಳಿಸುವ ಬಣ್ಣಗಳ ಸಾಲಿಗೆ ಒಂದು ಸಂಖ್ಯೆ ಕೊಟ್ಟು, ಅದು ಮತ್ತೆ ಎದುರಾದಾಗ ಸಂಖ್ಯೆಯನ್ನಷ್ಟೇ ಬರೆಯುತ್ತದೆ. ಸೊಗಸಿರುವುದು ಇನ್ನೊಂದು ಕಡೆ: ಆ ಸಂಖ್ಯೆಗಳ ಕೋಶವನ್ನು ಚಿತ್ರದ ಜೊತೆ ಕಳಿಸಬೇಕಾಗಿಯೇ ಇಲ್ಲ. ಓದುವ ಯಂತ್ರ ಬಂದ ಸಂಖ್ಯೆಗಳನ್ನು ಬಿಡಿಸುತ್ತಲೇ ಅದೇ ಕೋಶವನ್ನು ತಾನೇ ಕಟ್ಟಿಕೊಳ್ಳುತ್ತದೆ. ಕೊನೆಗೆ ಒಂದು ಚುಕ್ಕೆಯೂ ಕಳೆದಿರುವುದಿಲ್ಲ.

ವೆಲ್ಚ್ ದುಡಿಯುತ್ತಿದ್ದ ಸ್ಪೆರಿ ಕಂಪನಿ 1983ರ ಜೂನ್‌ನಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿತ್ತು. 1985ರ ಡಿಸೆಂಬರ್‌ನಲ್ಲಿ ಅದು ಮಂಜೂರಾಯಿತು. ಮರುವರ್ಷ ಸ್ಪೆರಿ ಮತ್ತು ಬರೋಸ್ ಒಂದಾಗಿ ಯೂನಿಸಿಸ್ ಆಯಿತು. ವಿಧಾನವನ್ನು ಪತ್ರಿಕೆಯಲ್ಲಿ ಓದಿದವರಿಗೆ ಅದರ ಬೆನ್ನಿಗೊಂದು ಪೇಟೆಂಟು ಇದ್ದುದು ಕಾಣಲಿಲ್ಲ. ಕಾನೂನು ಯೂನಿಸಿಸ್ ಪರವಾಗಿತ್ತು, ನಿಜ. ಆದರೆ ಊರೆಲ್ಲ ವರ್ಷಗಟ್ಟಲೆ ನಡೆದ ದಾರಿಗೆ ತಡವಾಗಿ ಸುಂಕದ ಕಟ್ಟೆ ಹಾಕಿದ್ದನ್ನು ನ್ಯಾಯವೆನ್ನಲು ನಮಗೆ ಮನಸ್ಸು ಬಾರದು.

ಪ್ರತಿಭಟನೆ ರಚನೆಯ ರೂಪ ತಾಳಿತು. 1995ರ ಜನವರಿ 4ರಂದು ಥಾಮಸ್ ಬೌಟೆಲ್ ಯೂಸ್‌ನೆಟ್‌ನಲ್ಲಿ ಹೊಸ ಸ್ವರೂಪದ ಕರಡೊಂದನ್ನು ಮುಂದಿಟ್ಟರು. ಪರಸ್ಪರ ಮುಖ ಕಾಣದ ಹಲವರು ಅದನ್ನು ತಿದ್ದಿದರು. 1996ರ ಅಕ್ಟೋಬರ್ 1ರಂದು ಪಿಎನ್‌ಜಿ ವಿಶ್ವವ್ಯಾಪಿ ಜಾಲದ ಒಕ್ಕೂಟದ ಮನ್ನಣೆ ಪಡೆಯಿತು. ಅದು ಪೇಟೆಂಟಿನ ಹಂಗಿಲ್ಲದ ಡಿಫ್ಲೇಟ್ ವಿಧಾನವನ್ನು ಆಯ್ದುಕೊಂಡಿತು. ಅದಕ್ಕೂ ಮೊದಲು ಪ್ರತಿ ಚುಕ್ಕೆಯನ್ನು ನೆರೆಯ ಚುಕ್ಕೆಗಳಿಂದ ಊಹಿಸಿ, ಊಹೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಉಳಿಸಿಕೊಂಡಿತು. ಜಿಐಎಫ್‌ನ 256 ಬಣ್ಣಗಳ ಮಿತಿಯೂ ತೊಲಗಿತು.

ಹೊರನಾಡಿನ ನಮಗೆ ಈ ಚರಿತ್ರೆ ಪರಕೀಯವಲ್ಲ. ಯೂನಿಕೋಡ್ ಮನೆಮಾತಾಗುವ ಮುನ್ನ, ಎದುರಿನವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇದೆಯೋ ಇಲ್ಲವೋ ತಿಳಿಯದೆ, ರಾಜ್ಯೋತ್ಸವದ ಕರೆಯೋಲೆಯನ್ನು ನಾವು ಚಿತ್ರವಾಗಿಯೇ ಕಳಿಸುತ್ತಿದ್ದೆವು. ಜೆಪೆಗ್ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಡುವ ಮೂಲಕ ಕುಗ್ಗಿಸುತ್ತದೆ. ಮುಖಚಿತ್ರಕ್ಕೆ ಅದು ಸರಿ. ಅಕ್ಷರಕ್ಕೆ ಅನ್ವಯಿಸಿದರೆ ಅಂಚಿನ ಸುತ್ತ ಮಸಿ ಚದರಿದಂತಾಗಿ, ಸಣ್ಣ ಒತ್ತಕ್ಷರ ಮಸುಕಾಗುತ್ತದೆ. ಮಹಾಪ್ರಾಣದ ಕೆಳಗೀಟು ಅಳಿಸಿ ಧ ದ ಆಗುತ್ತದೆ. ಹಳೆಯ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಇಡುವವರು ಮೂಲಪ್ರತಿಯನ್ನಾದರೂ ನಷ್ಟರಹಿತ ಸ್ವರೂಪದಲ್ಲಿ ಇಟ್ಟುಕೊಳ್ಳಲಿ. ಒಮ್ಮೆ ಬಿಟ್ಟುಹೋದ ವಿವರ ಮರಳಿ ಬಾರದು.

ಅಮೆರಿಕದಲ್ಲಿ ಆ ಪೇಟೆಂಟ್ 2003ರ ಜೂನ್ 20ರಂದು ಮುಗಿಯಿತು. ಆದರೂ ಜಿಐಎಫ್ ಸಾಯಲಿಲ್ಲ. ಅದಕ್ಕೆ ಚಲಿಸಲು ಬರುತ್ತಿತ್ತು, ಮೂಲ ಪಿಎನ್‌ಜಿಗೆ ಬರುತ್ತಿರಲಿಲ್ಲ. ಈಗ ಬೆಳಗಾದರೆ ಕುಟುಂಬದ ಗುಂಪುಗಳಲ್ಲಿ ಅರಳುವ ಗುಲಾಬಿಗಳೆಲ್ಲ ಅದರ ಹೆಸರಿನವೇ. ಅವುಗಳಲ್ಲಿ ಎಷ್ಟೋ ಹೆಸರಿಗೆ ಮಾತ್ರ ಜಿಐಎಫ್, ಒಳಗಿರುವುದು ವಿಡಿಯೋ.