ಊರು ಬೇರೆ, ಸ್ಟೇಷನ್ ಬೇರೆ: ಜತ್ತ ರೋಡ್‌ನ ಸಣ್ಣ ರೈಲು



ರೈಲ್ವೆ ಸ್ಟೇಷನ್ ಹೆಸರಿನ ಜೊತೆ ‘ರೋಡ್’ ಅಂತ ಇದ್ದರೆ ಸಾಮಾನ್ಯವಾಗಿ ಏನರ್ಥ ಗೊತ್ತೇ? ಆ ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇದೆ ಅಂತ. ಮಿರಜ–ಪಂಢರಪುರ ಮಾರ್ಗದಲ್ಲಿ ಢಾಲಗಾಂವ ದಾಟಿ ಸಾಂಗೋಲಾ ಕಡೆ ಹೋಗುವಾಗ ಸಿಗುವ ‘ಜತ್ತ ರೋಡ್’ ಅಂಥದ್ದೇ. ಡಫಳೆ ಮನೆತನದ ಸಂಸ್ಥಾನದ ರಾಜಧಾನಿಯಾಗಿದ್ದ ನಮ್ಮ ಜತ್ತಕ್ಕೆ ಆ ರೈಲು ಬರಲೇ ಇಲ್ಲ. ಹೆಸರನ್ನು ದೂರದ ಬಯಲಿನಲ್ಲಿ ನಿಲ್ಲಿಸಿ ಮುಂದೆ ಹೋಯಿತು.

ಇದು ಮೊದಲು ಬಾರ್ಸಿ ಲೈಟ್ ರೈಲ್ವೆ ಕಂಪನಿಯ ನ್ಯಾರೋ ಗೇಜ್ ಹಳಿ. ಎವೆರಾರ್ಡ್ ಕ್ಯಾಲ್ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್ 1897ರಲ್ಲಿ ಕುರ್ಡುವಾಡಿಯಿಂದ ಬಾರ್ಸಿಗೆ ಅದನ್ನು ಶುರುಮಾಡಿದ. ಅಗಲ ಬರೀ 762 ಮಿ.ಮೀ., ಅಂದರೆ ಎರಡೂವರೆ ಅಡಿ. ಬಿ.ಎಸ್ಸಿ. ಓದಿದ ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಅವನ ಲೆಕ್ಕ. ಎಂಜಿನ್ ಇರಲಿ, ವ್ಯಾಗನ್ ಇರಲಿ, ಒಂದು ಅಚ್ಚಿನ ಮೇಲೆ 5 ಟನ್‌ಗಿಂತ ಹೆಚ್ಚು ಭಾರ ಬೀಳಬಾರದು. ಭಾರವನ್ನು ಹೀಗೆ ಹಂಚಿದರೆ ಮೀಟರಿಗೆ ಸುಮಾರು 15 ಕಿಲೋ ತೂಗುವ ತೆಳು ಹಳಿಯೇ ಸಾಕು. ಈಗಿನ ಬ್ರಾಡ್ ಗೇಜ್ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ! ಹಳಿ ಹಗುರವಾದರೆ ಖರ್ಚೂ ಕಡಿಮೆ. ಬಡ ಸೀಮೆಗೂ ರೈಲು ತರಬಹುದೆಂಬುದು ಅವನ ವಾದ. (ಪೈಲಟ್‌ಗಳಿಗಾಗಿ ಪ್ಯಾರಾಶೂಟ್ ಮಾಡಿದವನೂ ಇವನೇ.) ಹಳಿ ಪಂಢರಪುರದಿಂದ ಮಿರಜ ಮುಟ್ಟಿದ್ದು 1927ರಲ್ಲಿ. ಅದೇ ವರ್ಷ ಕ್ಯಾಲ್ತ್ರಾಪ್ ತೀರಿಕೊಂಡ.

ಆದರೆ ಅಗ್ಗದ ಹಳಿಗೂ ಒಂದು ಬೆಲೆ ಇತ್ತು. ಕುರ್ಡುವಾಡಿಯಲ್ಲಿ ಬ್ರಾಡ್ ಗೇಜ್, ಮಿರಜಿನಲ್ಲಿ ಮೀಟರ್ ಗೇಜ್. ಎರಡೂ ತುದಿಯಲ್ಲಿ ಗಾಡಿ ಬದಲಿಸಲೇಬೇಕು, ಚೀಲಗಳನ್ನು ಇಳಿಸಿ ಮತ್ತೆ ಏರಿಸಲೇಬೇಕು. ಪುಣೆ ಮಾರ್ಗಕ್ಕೆ ಬ್ರಾಡ್ ಗೇಜ್ ಬಂದ ಮೇಲಂತೂ ಮಿರಜ ಜಂಕ್ಷನ್ ಒಂದರಲ್ಲೇ ಮೂರು ಅಳತೆಯ ಹಳಿಗಳಿದ್ದವು. ಜತ್ತದವರಿಗೆ ಇನ್ನೂ ಒಂದು ಹತ್ತಿಳಿಯುವ ಕೆಲಸ: ಮನೆಯಿಂದ ಸ್ಟೇಷನ್ನಿಗೆ.

ಹಾಗಿದ್ದರೂ ಈ ಬರದ ಸೀಮೆಗೆ ಅದು ಒಂದು ಬಾಗಿಲು. ಒಂದು ಕಡೆ ಆಷಾಢ ಏಕಾದಶಿಯ ಪಂಢರಪುರ. ಇನ್ನೊಂದು ಕಡೆ ಮಿರಜ, ಅಲ್ಲಿ ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆ. ವಿಠ್ಠಲನ ಭಕ್ತರಿಗೂ ರೋಗಿಗಳಿಗೂ ಹಳಿ ಒಂದೇ.

1954ರಲ್ಲಿ ಸರ್ಕಾರ ಕಂಪನಿಯನ್ನು ಕೊಂಡಿತು. 2010ರ ಆಸುಪಾಸಿನಲ್ಲಿ ಮಿರಜ–ಪಂಢರಪುರ ಬ್ರಾಡ್ ಗೇಜ್ ಆಯಿತು, ಸಣ್ಣ ರೈಲಿನ ಸ್ಟೇಷನ್ನಿನ ಕೆಲಸ ಮುಗಿಯಿತು. ಹಳಿ ಅಗಲವಾಯಿತು, ಹೆಸರಿನ ‘ರೋಡ್’ ಹಾಗೇ ಉಳಿಯಿತು.

ಎಂಜಿನ್ನುಗಳ ಬಗ್ಗೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಸ್ಟೇಷನ್ನಿಂದ ಮನೆಯವರೆಗಿನ ದಾರಿಯ ಬಗ್ಗೆ ಹೇಳುವವರು ನಮ್ಮ ಅಜ್ಜ-ಅಜ್ಜಿಯರು ಮಾತ್ರ. ಎತ್ತಿನ ಗಾಡಿಗೆ ಎಷ್ಟು ಕೊಡುತ್ತಿದ್ದರು, ರೈಲು ತಡವಾದ ರಾತ್ರಿ ಎಲ್ಲಿ ಮಲಗುತ್ತಿದ್ದರು, ಬುತ್ತಿಯಲ್ಲಿ ಏನಿರುತ್ತಿತ್ತು? ಈ ವಾರ ಮನೆಯಲ್ಲಿ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಮುಂದಿನ ಯುವಕೂಟಕ್ಕೆ ತನ್ನಿ.