ಮನೆಯ ಕ್ಯಾಸೆಟ್ಟಿನಲ್ಲಿ ರಂಗಗೀತೆ

1884ರಲ್ಲಿ ಸ್ಥಾಪನೆಯಾಗಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿಯ ನಾಟಕಗಳಲ್ಲಿ ಹಾಡು ಮೆಚ್ಚಿದರೆ ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು. ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡು. ಅಲ್ಲಿ ಕೇಳುಗನದು ಕೇಳುವ ಕೆಲಸ ಮಾತ್ರ. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ ನಮ್ಮ ಊರುಗಳಿಗೂ ಬಂದ ಮೇಲೆ ಕೇಳುಗನೇ ಗಾಯಕನಾದ.

ಗುಬ್ಬಿ, ಕುಣಿಗಲ್, ತುಮಕೂರುಗಳ ರಂಗಗೀತೆಯ ಅಭಿಮಾನಿಗಳು ಮನೆಯಲ್ಲೇ ಹಾರ್ಮೋನಿಯಂ ಹಿಡಿದು ಹಾಡಿ, ಟೇಪುಗಳನ್ನು ಪರಸ್ಪರ ಹಂಚಿಕೊಂಡದ್ದನ್ನು ನಾನು ಬಲ್ಲೆ. ಶ್ರುತಿ ಜಾರಿದೆ, ತಾಳ ತಪ್ಪಿದೆ ಎಂಬ ಸಹರಸಿಕರ ಮಾತು ಮರಳಿ ಬರುತ್ತಿತ್ತು. ತಿದ್ದಿಕೊಂಡು ಅದೇ ಟೇಪಿನಲ್ಲಿ ಪುನಃ ಹಾಡಿದರೆ ಹಿಂದಿನದು ಅಳಿದುಹೋಗುತ್ತಿತ್ತು.

ಉಳಿದ ಟೇಪುಗಳೂ ಈಗ ಸವೆಯುತ್ತಿವೆ. ಪ್ರಿಯ ವಿದ್ಯಾರ್ಥಿಗಳೇ, ಅಟ್ಟದ ಮೇಲಿರುವ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಡಿ. ತಟ್ಟೆಯಲ್ಲಿ ಮುದ್ರಣವಾಗದ ಆ ಕಂಠಗಳಿಗೆ ಬೇರೆ ದಾಖಲೆಯಿಲ್ಲ.