ಒಬ್ಬರ ನೊಗ, ಐವರ ಹೆಗಲು

2018ರ ಜುಲೈ 12ರಂದು ಪೈಥಾನ್ ಭಾಷೆಯ ಮುಖ್ಯ ಡೆವಲಪರ್‌ಗಳಿಗೆ ಒಂದು ಇಮೇಲ್ ಬಂತು. ಬರೆದವರು ಆ ಭಾಷೆಯನ್ನು ಹುಟ್ಟುಹಾಕಿದ ಗೀಡೊ ವಾನ್ ರಾಸಮ್. ಅದರ ಸಾರ ಇಷ್ಟು: ದಣಿದಿದ್ದೇನೆ, ಇನ್ನು ತೀರ್ಮಾನಗಳಲ್ಲಿ ನಾನಿರುವುದಿಲ್ಲ, ಉತ್ತರಾಧಿಕಾರಿಯನ್ನೂ ಹೆಸರಿಸುವುದಿಲ್ಲ. ಮುಂದಿನ ವ್ಯವಸ್ಥೆ ಪ್ರಜಾಪ್ರಭುತ್ವವೋ ಅರಾಜಕತೆಯೋ, ನೀವೇ ನೋಡಿಕೊಳ್ಳಿ.

ಗೀಡೊ ಈ ಭಾಷೆಯ ಕೆಲಸ ಶುರುಮಾಡಿದ್ದು 1989ರ ಕ್ರಿಸ್‌ಮಸ್ ರಜೆಯಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. 1991ರಲ್ಲಿ ಅದು ಹೊರಬಂತು. ತೊಂಬತ್ತರ ದಶಕದ ನಡುವೆ ಗೆಳೆಯರು ಅವರಿಗೆ ‘ಆಜೀವ ದಯಾಳು ಸರ್ವಾಧಿಕಾರಿ’ ಎಂಬ ಬಿರುದು ಕೊಟ್ಟರು. ಬಿರುದು ತಮಾಷೆಯದು, ಹೊರೆ ಮಾತ್ರ ನಿಜವಾದದ್ದು.

ಕೆಲಸವನ್ನು ಅವರು ಹಂಚಿರಲಿಲ್ಲ ಎಂದಲ್ಲ. ಪ್ರತಿ ಆವೃತ್ತಿಯ ಬಿಡುಗಡೆಗೆ ಒಬ್ಬ ಉಸ್ತುವಾರಿ ಇದ್ದರು. ಕೆಲವು ಪ್ರಸ್ತಾಪಗಳ ತೀರ್ಮಾನವನ್ನೂ ಗೀಡೊ ಬೇರೆಯವರಿಗೆ ವಹಿಸಿದ್ದುಂಟು. ಆದರೆ ಕೊನೆಯ ಮಾತು ಅವರದೇ. ಆದ್ದರಿಂದ ಆ ಮಾತು ಹಿಡಿಸದವರ ಸಿಟ್ಟೂ ಅವರೊಬ್ಬರ ಬಾಗಿಲಿಗೇ ಬರುತ್ತಿತ್ತು. 2018ರಲ್ಲಿ ಜಗಳವೆದ್ದದ್ದು 572ನೇ ಪ್ರಸ್ತಾಪದ ಬಗ್ಗೆ. ಒಂದು ಅಭಿವ್ಯಕ್ತಿಯ ಒಳಗೇ ಹೆಸರಿಗೆ ಮೌಲ್ಯ ಕೊಡಲು ‘:=’ ಎಂಬ ಚಿಹ್ನೆ ಬೇಕೇ ಬೇಡವೇ? ಎರಡು ಚುಕ್ಕೆ, ಒಂದು ಸಮಚಿಹ್ನೆ. ಇಷ್ಟಕ್ಕೆ ತಿಂಗಳುಗಟ್ಟಲೆ ವಾದ ನಡೆಯಿತು. ಗೀಡೊ ಪ್ರಸ್ತಾಪವನ್ನು ಒಪ್ಪಿದರು, ಹಿಂದೆಯೇ ಹುದ್ದೆ ಬಿಟ್ಟರು.

ಉಳಿದವರು ಅವಸರದಲ್ಲಿ ಇನ್ನೊಬ್ಬ ದೊರೆಯನ್ನು ಕೂರಿಸಲಿಲ್ಲ. ಆಡಳಿತಕ್ಕೆ ಏಳು ಮಾದರಿಗಳನ್ನು ಬರೆದು ಮುಂದಿಟ್ಟರು. ಹೊಸ ಸರ್ವಾಧಿಕಾರಿಯನ್ನು ಆರಿಸುವ ಮಾದರಿಯೂ ಅವುಗಳಲ್ಲಿತ್ತು. ಡಿಸೆಂಬರಿನ ಮತದಾನದಲ್ಲಿ ಗೆದ್ದದ್ದು ನಥೇನಿಯಲ್ ಸ್ಮಿತ್ ಮತ್ತು ಡೊನಾಲ್ಡ್ ಸ್ಟಫ್ಟ್ ಬರೆದ ಐದು ಜನರ ಮಂಡಳಿಯ ಮಾದರಿ. ಅದರ ನಿಯಮಗಳಲ್ಲಿ ಅನುಭವದ ಪಾಠ ಕಾಣುತ್ತದೆ. ಭಾಷೆಯ ಪ್ರತಿ ಹೊಸ ಆವೃತ್ತಿಯ ನಂತರ ಮರುಚುನಾವಣೆ ನಡೆಯಬೇಕು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಮಂಡಳಿಯಲ್ಲಿ ಇರಬಾರದು. ಅಧಿಕಾರ ವಿಶಾಲವಾಗಿದ್ದರೂ ಆದಷ್ಟು ಕಡಿಮೆ ಬಳಸಬೇಕು. ಇವುಗಳಿಂದ ಕೆಲಸದ ಜೊತೆ ದೂಷಣೆಯೂ ಹಂಚಿಹೋಯಿತು. ಬೇಸತ್ತವರಿಗೆ ಮುಂದಿನ ಚುನಾವಣೆಗೆ ನಿಲ್ಲದೆ ಮರ್ಯಾದೆಯಿಂದ ಹೊರನಡೆಯುವ ದಾರಿಯೂ ಆಯಿತು.

ಹಂಚಿದ ಮಾತ್ರಕ್ಕೆ ಎಲ್ಲವೂ ಹಗುರಾಗಲಿಲ್ಲ. ಎಲ್ಲೆಲ್ಲಿಂದಲೋ ಬರುವ ತಿದ್ದುಪಡಿಗಳನ್ನು ಓದಿ, ಪರೀಕ್ಷಿಸಿ, ಒಪ್ಪುವ ಕೆಲಸ ರಾಶಿ ಬಿದ್ದೇ ಇತ್ತು. ಸ್ವಯಂಸೇವಕರ ಸಂಜೆಗಳಲ್ಲಿ ಅದು ಮುಗಿಯುವಂಥದ್ದಲ್ಲ. 2021ರಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಇದಕ್ಕೆಂದೇ ಲೂಕಾಶ್ ಲಾಂಗಾ ಅವರನ್ನು ಸಂಬಳ ಕೊಟ್ಟು ನೇಮಿಸಿತು. ಯಾರಿಗೂ ಹೆಸರು ತರದ ದಿನನಿತ್ಯದ ಕೆಲಸಕ್ಕೆ ಹಣವೇ ಬೇಕೆಂದು ಒಪ್ಪಿಕೊಳ್ಳಲು ಮೂರು ದಶಕ ಬೇಕಾಯಿತು.

ಗೀಡೊ 2019ರ ಮೊದಲ ಮಂಡಳಿಗೆ ಆರಿಸಿಬಂದರು. ಮರುವರ್ಷದ ಮಂಡಳಿಗೆ ಉಮೇದುವಾರಿಕೆ ಹಿಂತೆಗೆದುಕೊಂಡರು. 2020ರಲ್ಲಿ ನಿವೃತ್ತಿ ಬೇಸರವೆಂದು ಮೈಕ್ರೋಸಾಫ್ಟ್ ಸೇರಿ, ಪೈಥಾನಿನ ವೇಗ ಹೆಚ್ಚಿಸುವ ತಂಡದೊಂದಿಗೆ ಮತ್ತೆ ಕೋಡ್ ಬರೆಯತೊಡಗಿದರು. 1989ರ ರಜೆಯಲ್ಲಿ ಅವರು ಖುಷಿಗಾಗಿ ಮಾಡಿದ್ದೂ ಇದೇ ಕೆಲಸ.